ಬೆಳ್ಳಿ ಡಾಲರಿನ ಅಚ್ಚುಭೇದಗಳು

ನಾಣ್ಯದ ಮೇಲಿನ ಚಿತ್ರ, ಅಕ್ಷರ, ಇಸವಿ ಎಲ್ಲವೂ ಎರಡು ಉಕ್ಕಿನ ಅಚ್ಚುಗಳಿಂದ ಮೂಡುತ್ತವೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ. ಒಂದೇ ಏಟಿಗೆ ಮುಂಬದಿಯೂ ಹಿಂಬದಿಯೂ ಸಿದ್ಧವಾಗುತ್ತವೆ. ಅಚ್ಚಿನಲ್ಲಿ ತಗ್ಗಾಗಿದ್ದದ್ದು ನಾಣ್ಯದಲ್ಲಿ ಉಬ್ಬಿಕೊಳ್ಳುತ್ತದೆ. ಬೆಲ್ಲ ಹೊಯ್ಯುವ ಮರದ ಅಚ್ಚಿನಲ್ಲಿ ಒಂದು ಸೀಳು ಬಿಟ್ಟಿದ್ದರೆ ಅದರಿಂದ ಎದ್ದ ಪ್ರತಿಯೊಂದು ಅಚ್ಚುಬೆಲ್ಲದ ಮೇಲೂ ಅದೇ ಜಾಗದಲ್ಲಿ ಸಣ್ಣ ಏಣೊಂದು ಕಾಣಿಸುತ್ತದೆ. ನಾಣ್ಯದ ಸಂಗತಿಯೂ ಇದೇ. ಒಂದು ಅಚ್ಚಿನ ಗೀರು, ಬಿರುಕು, ವಾರೆಯಾಗಿ ಕೂತ ಅಂಕಿ, ಎರಡು ಸಲ ಬಿದ್ದ ಅಕ್ಷರ ಆ ಅಚ್ಚಿನಿಂದ ಬಂದ ಅಷ್ಟೂ ನಾಣ್ಯಗಳಲ್ಲಿ ತಪ್ಪದೆ ಇರುತ್ತವೆ, ಬೇರೆ ಅಚ್ಚಿನ ನಾಣ್ಯದಲ್ಲಿ ಇರುವುದಿಲ್ಲ. ಒಂದೇ ಇಸವಿ, ಒಂದೇ ಟಂಕಸಾಲೆಯ ನಾಣ್ಯಗಳನ್ನು ಹೀಗೆ ಅಚ್ಚಿನಿಂದ ಅಚ್ಚಿಗೆ ಬೇರ್ಪಡಿಸಿದಾಗ ಸಿಗುವ ಗುಂಪುಗಳನ್ನು ಅಚ್ಚುಭೇದಗಳು ಎನ್ನುತ್ತಾರೆ. ಅಮೆರಿಕದ ಹಳೆಯ ಬೆಳ್ಳಿ ಡಾಲರಿನಷ್ಟು ಸೂಕ್ಷ್ಮವಾಗಿ ಈ ವಿಂಗಡಣೆಗೆ ಒಳಗಾದ ನಾಣ್ಯಗಳು ಲೋಕದಲ್ಲಿ ಕಡಿಮೆ.

ಮೊದಲ ಡಾಲರುಗಳು 1794ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಿಂದ ಹೊರಬಂದವು. ಆ ವರ್ಷ ಬಂದದ್ದು 1,758 ನಾಣ್ಯಗಳು ಮಾತ್ರ, ಅಷ್ಟಕ್ಕೂ ಬಳಕೆಯಾದದ್ದು ಒಂದೇ ಜೋಡಿ ಅಚ್ಚು. ಆ ಜೋಡಿ ಒಂದಕ್ಕೊಂದು ಸರಿಯಾಗಿ ಸಮಾನಾಂತರವಾಗಿ ಕೂತಿರಲಿಲ್ಲ. ಹಾಗಾಗಿ ಉಳಿದಿರುವ 1794ರ ಡಾಲರುಗಳ ಎಡಬದಿಯ ನಕ್ಷತ್ರಗಳು ಸಾಮಾನ್ಯವಾಗಿ ಮಸುಕು. ಅಂದಿನ ಕೆತ್ತನೆಗಾರ ರಾಬರ್ಟ್ ಸ್ಕಾಟ್ ಮತ್ತು ಅವನ ಸಹಾಯಕರು ಪ್ರತಿಯೊಂದು ಅಕ್ಷರ, ನಕ್ಷತ್ರ, ಎಲೆ, ಕಾಯಿಯನ್ನು ಉಕ್ಕಿನ ಅಚ್ಚುಮೊಳೆಗಳಿಂದ ಒಂದೊಂದಾಗಿ ಅಚ್ಚಿನೊಳಕ್ಕೆ ಹೊಡೆಯುತ್ತಿದ್ದರು. ಮುದ್ರಣಾಲಯದ ಮೊಳೆಜೋಡಣೆಗಾರನಿಗೆ ಕಟ್ಟಿನ ನೇರವಾದರೂ ಆಸರೆಗಿರುತ್ತದೆ, ಇವರಿಗೆ ಕಣ್ಣಂದಾಜೇ ಆಧಾರ. ಆದ್ದರಿಂದ ಆ ಕಾಲದ ಎರಡು ಅಚ್ಚುಗಳು ಒಂದರಂತೆ ಇನ್ನೊಂದು ಇರುವ ಸಾಧ್ಯತೆಯೇ ಇರಲಿಲ್ಲ. 1795ರ ಡಾಲರನ್ನು ತಿರುಗಿಸಿ ಹದ್ದಿನ ರೆಕ್ಕೆಯ ಕೆಳಗೆ ನೋಡಿದರೆ ಕೆಲವದರಲ್ಲಿ ಎರಡೆರಡು ಎಲೆ, ಕೆಲವದರಲ್ಲಿ ಮೂರು ಮೂರು ಎಲೆ. ಇಂಥ ಎಣಿಕೆಯಿಂದಲೇ ಅಚ್ಚುಭೇದಗಳ ಅಧ್ಯಯನ ಶುರುವಾಯಿತು.

ಫಿಲಡೆಲ್ಫಿಯಾದ ನಾಣ್ಯವ್ಯಾಪಾರಿ ಜಾನ್ ಹ್ಯಾಸೆಲ್ಟೈನ್ 1881ರಲ್ಲಿ ಡಾಲರಿನ ಮತ್ತು ಅದರ ಚಿಲ್ಲರೆಯ ಅಚ್ಚುಭೇದಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಮಾರಾಟಕ್ಕಿಟ್ಟ ನಾಣ್ಯಗಳ ಪಟ್ಟಿಯೂ ಅದೇ, ಶಾಸ್ತ್ರವೂ ಅದೇ. 1950ರಲ್ಲಿ ಎಂ. ಎಚ್. ಬೊಲೆಂಡರ್ 1794ರಿಂದ 1803ರವರೆಗಿನ ಡಾಲರುಗಳಿಗೆಂದೇ ಪುಸ್ತಕ ಬರೆದು ಪ್ರತಿ ಅಚ್ಚುಜೋಡಿಗೂ ಸಂಖ್ಯೆ ಕೊಟ್ಟರು. ಇಂದಿಗೂ ಹಳೆಯ ಡಾಲರು ಹರಾಜಿಗೆ ಬಂದಾಗ ಅದರ ಹೆಸರಿನ ಜೊತೆ ‘ಬಿ’ ಎಂಬ ಅಕ್ಷರವೂ ಒಂದು ಅಂಕಿಯೂ ಇರುತ್ತದೆ. ಆ ‘ಬಿ’ ಬೊಲೆಂಡರ್ ಅವರದು.

ಈ ವಿದ್ಯೆ ಬರೀ ಸಂಗ್ರಾಹಕರ ಹವ್ಯಾಸವಲ್ಲ ಎಂಬುದು 1804ರ ಡಾಲರಿನ ವಿಷಯದಲ್ಲಿ ಸ್ಪಷ್ಟವಾಯಿತು. ಅದರ ಪ್ರತಿಗಳು ಬಲು ವಿರಳ. 1804ರಲ್ಲಿ 19,570 ಡಾಲರುಗಳು ಟಂಕವಾದವೆಂದು ಟಂಕಸಾಲೆಯ ಲೆಕ್ಕಪುಸ್ತಕವೇ ಹೇಳುತ್ತದೆ. ಆದರೆ ಅವೆಲ್ಲ ಹಿಂದಿನ ವರ್ಷಗಳ ಇಸವಿಯಿದ್ದ ಅಚ್ಚುಗಳಿಂದ ಬಂದವು. ಹಾಗಾದರೆ 1804 ಎಂದು ಬರೆದಿರುವ ನಾಣ್ಯಗಳು ಎಲ್ಲಿಂದ ಬಂದವು? ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ 1962ರಲ್ಲಿ ಇದಕ್ಕೆ ಉತ್ತರ ಕೊಟ್ಟರು. 1834ರಲ್ಲಿ ಅಮೆರಿಕದ ರಾಯಭಾರಿ ಎಡ್ಮಂಡ್ ರಾಬರ್ಟ್ಸ್ ಮಸ್ಕತ್ತಿನ ಸುಲ್ತಾನ, ಸಯಾಮಿನ ಅರಸ ಮೊದಲಾದವರಿಗೆ ಕಾಣಿಕೆಯಾಗಿ ಒಯ್ಯಲು ನಾಣ್ಯಗಳ ಪೆಟ್ಟಿಗೆಗಳು ಬೇಕಾಗಿದ್ದವು. ಡಾಲರಿನ ಟಂಕ ನಿಂತು ಮೂವತ್ತು ವರ್ಷವಾಗಿತ್ತು. ಟಂಕಸಾಲೆಯವರು ಲೆಕ್ಕಪುಸ್ತಕದ ಕೊನೆಯ ವರ್ಷವನ್ನು ಹಿಡಿದು ಹೊಸ ಅಚ್ಚು ಮಾಡಿದರು. ಸಾಕ್ಷಿ ಇದ್ದದ್ದು ನಾಣ್ಯದ ಅಂಚಿನಲ್ಲಿ. 1804ರ ಸುಮಾರಿಗೆ ಬಿಲ್ಲೆಯ ಅಂಚಿನ ಅಕ್ಷರಗಳನ್ನು ಮೊದಲೇ ಒತ್ತಿ, ಸಡಿಲವಾಗಿಟ್ಟು ಟಂಕಿಸುತ್ತಿದ್ದರು. ಈ ನಾಣ್ಯಗಳಲ್ಲಾದರೋ ಅಂಚಿನ ಅಕ್ಷರಗಳು ಜಜ್ಜಿಹೋಗಿದ್ದವು. ಬಿಲ್ಲೆಯನ್ನು ಬಿಗಿಯಾದ ಉಕ್ಕಿನ ಬಳೆಯೊಳಗಿಟ್ಟು ಹೊಡೆದರೆ ಮಾತ್ರ ಹಾಗಾಗುತ್ತದೆ, ಆ ಪದ್ಧತಿ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಆದರೂ ಅಚ್ಚುಭೇದದ ಮಾತು ಬಂದಾಗ ಹೆಚ್ಚಿನವರ ಮನಸ್ಸಿಗೆ ಮೊದಲು ಬರುವುದು 1878ರಿಂದ 1904ರವರೆಗೂ ಮತ್ತೆ 1921ರಲ್ಲೂ ಟಂಕವಾದ ಮೋರ್ಗನ್ ಡಾಲರು. 26.73 ಗ್ರಾಂ ತೂಕ, 38.1 ಮಿಲಿಮೀಟರ್ ವ್ಯಾಸ, ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ಮುಂಬದಿಯಲ್ಲಿ ಸ್ವಾತಂತ್ರ್ಯದೇವಿಯ ಮುಖ, ಹಿಂಬದಿಯಲ್ಲಿ ಬಾಣಗಳನ್ನೂ ಆಲಿವ್ ಕೊಂಬೆಯನ್ನೂ ಹಿಡಿದ ಹದ್ದು. ಕೆತ್ತಿದವನು ಇಂಗ್ಲೆಂಡಿನಿಂದ 1876ರಲ್ಲಿ ಕರೆಸಿಕೊಂಡ ಜಾರ್ಜ್ ಮೋರ್ಗನ್. ದೇವಿಯ ಮುಖಕ್ಕೆ ಮಾದರಿಯಾಗಿ ಕುಳಿತವಳು ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಅನ್ನಾ ವಿಲಿಯಮ್ಸ್.

ಈ ನಾಣ್ಯದಲ್ಲಿ ಅಚ್ಚುಭೇದಗಳು ಸಾವಿರಗಟ್ಟಲೆ ಹುಟ್ಟಿದ್ದಕ್ಕೆ ಕಾರಣ ಅವಸರ, ಆ ಅವಸರಕ್ಕೆ ಕಾರಣ ರಾಜಕೀಯ. ನೆವಾಡಾದ ಗಣಿಗಳಿಂದ ಬೆಳ್ಳಿ ಹೊಳೆಯಂತೆ ಬರುತ್ತಿತ್ತು, ಬೆಲೆ ಇಳಿಯುತ್ತಿತ್ತು. 1873ರ ಕಾನೂನು ಬೆಳ್ಳಿ ಡಾಲರನ್ನೇ ಕೈಬಿಟ್ಟಿತ್ತು. ಗಣಿ ಒಡೆಯರೂ ಸಾಲದಲ್ಲಿ ಮುಳುಗಿದ್ದ ರೈತರೂ ಅದನ್ನು ಮತ್ತೆ ತರಬೇಕೆಂದು ಒತ್ತಾಯಿಸಿದರು. ಅಧ್ಯಕ್ಷ ರುದರ್‌ಫರ್ಡ್ ಹೇಯ್ಸ್ ತಡೆದರೂ ಲೆಕ್ಕಿಸದೆ ಕಾಂಗ್ರೆಸ್ 1878ರ ಫೆಬ್ರವರಿ 28ರಂದು ಬ್ಲಾಂಡ್-ಆಲಿಸನ್ ಕಾನೂನನ್ನು ಜಾರಿಮಾಡಿತು. ತಿಂಗಳಿಗೆ ಕನಿಷ್ಠ 20 ಲಕ್ಷ ಡಾಲರಿನ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು ಎಂಬುದು ಅದರ ಕಟ್ಟಳೆ. ಹನ್ನೊಂದೇ ದಿನಗಳಲ್ಲಿ, ಮಾರ್ಚ್ 11ರಂದು, ಮೊದಲ ಮೋರ್ಗನ್ ಡಾಲರು ಫಿಲಡೆಲ್ಫಿಯಾದಲ್ಲಿ ಟಂಕವಾಯಿತು.

ಆ ನಾಣ್ಯದ ಹದ್ದಿಗೆ ಬಾಲದಲ್ಲಿ ಎಂಟು ಗರಿ. ಟಂಕ ಆರಂಭವಾದ ಮೇಲೆ ಎರಡು ದೂರು ಬಂದವು. ಚಿತ್ರದ ಉಬ್ಬು ಹೆಚ್ಚಾಗಿ ಅಚ್ಚುಗಳು ಬೇಗ ಸವೆಯುತ್ತಿದ್ದವು. ಅಲ್ಲದೆ ಅಮೆರಿಕದ ನಾಣ್ಯಗಳ ಹದ್ದಿಗೆ ವಾಡಿಕೆಯಂತೆ ಬೆಸ ಸಂಖ್ಯೆಯ ಗರಿಗಳಿರುತ್ತಿದ್ದವು, ಇಲ್ಲಿ ಮಾತ್ರ ಸರಿಸಂಖ್ಯೆ. ಟಂಕಸಾಲೆಯ ನಿರ್ದೇಶಕ ಹೆನ್ರಿ ಲಿಂಡರ್‌ಮನ್ ಏಳು ಗರಿಯ ಹೊಸ ಚಿತ್ರ ಮಾಡಿಸಿದ. ನಾಣ್ಯದ ಮೇಲಿನ ಪ್ರಾಣಿ ಚಿತ್ರ ಬದಲಿಸುವಂತೆ ಮಾಡಿದ್ದು ಭಾರತಕ್ಕೂ ಗೊತ್ತಿರುವ ಸಂಗತಿ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಆನೆ ಹಂದಿಯಂತೆ ಕಂಡು ಜನ ಅಸಮಾಧಾನಗೊಂಡಿದ್ದರು, 1912ರಲ್ಲಿ ಅದನ್ನು ತಿದ್ದಿ ಕೆತ್ತಲಾಯಿತು. ಕಲ್ಕತ್ತೆ, ಬೊಂಬಾಯಿಗಳಲ್ಲಿ ಮರುವರ್ಷದ ನಾಣ್ಯಕ್ಕೆ ಮಾಡಿದ ಈ ತಿದ್ದುಪಡಿಯನ್ನು ಫಿಲಡೆಲ್ಫಿಯಾದವರು ಕೆಲಸ ನಡೆಯುತ್ತಿರುವಾಗಲೇ ಮಾಡಬೇಕಾಯಿತು.

ತಿಂಗಳ ಲೆಕ್ಕ ತುಂಬಿಸಬೇಕಾದ್ದರಿಂದ ಸಿದ್ಧವಾಗಿದ್ದ ಎಂಟು ಗರಿಯ ಅಚ್ಚುಗಳನ್ನು ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಅವುಗಳ ಮೇಲೆಯೇ ಏಳು ಗರಿಯ ಚಿತ್ರವನ್ನು ಮತ್ತೊಮ್ಮೆ ಒತ್ತಿದರು. ಹಳೆಯದು ಪೂರ್ತಿ ಅಳಿಯಲಿಲ್ಲ. ಅಂಥ ಒಂದು ನಾಣ್ಯವನ್ನು ಕೈಯಲ್ಲಿ ಹಿಡಿದು, ಹಿಂಬದಿಯನ್ನು ಮೇಲೆ ಮಾಡಿ, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಬೇಕು. ಬಾಲದ ಏಳು ಗರಿಗಳು ದುಂಡಾಗಿ, ಅಚ್ಚುಕಟ್ಟಾಗಿ ಕಾಣುತ್ತವೆ. ಅವುಗಳ ತುದಿಯ ಕೆಳಗೆ, ಸೀರೆಯ ಸೆರಗಿನ ಕೆಳಗೆ ಒಳಲಂಗದ ಅಂಚು ಇಣುಕಿದ ಹಾಗೆ, ಇನ್ನಷ್ಟು ಗರಿಗಳ ಮೊನೆಗಳು ಹೊರಚಾಚಿರುತ್ತವೆ. ಕೆಲವದರಲ್ಲಿ ಮೂರು, ಕೆಲವದರಲ್ಲಿ ಐದು, ಒಳ್ಳೆಯ ಪ್ರತಿಗಳಲ್ಲಿ ಏಳು. ಕೆಳಗಿನ ಮೊನೆಗಳು ಮೇಲಿನ ಗರಿಗಳಿಗೆ ನೇರವಾಗಿಲ್ಲ, ಎಂಟನ್ನು ಏಳರ ಕೆಳಗೆ ಮುಚ್ಚಲು ಹೊರಟದ್ದರಿಂದ ತುಸು ಪಕ್ಕಕ್ಕೆ ಸರಿದಿವೆ. 1878ರ ಮಾರ್ಚಿನ ಆ ಧಾವಂತ ಬೆರಳ ತುದಿಯಷ್ಟು ಜಾಗದಲ್ಲಿ ಹಾಗೇ ಉಳಿದುಕೊಂಡಿದೆ. ಟಂಕಸಾಲೆಯ ಯಾವ ಕಾಗದಪತ್ರವೂ ಅದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸಲಾರದು.

ಹೀಗೆ 1878ರ ಒಂದೇ ವರ್ಷದ ಫಿಲಡೆಲ್ಫಿಯಾ ನಾಣ್ಯದಲ್ಲಿ ನಾಲ್ಕು ಬಗೆ ಸಿಗುತ್ತವೆ. ಎಂಟು ಗರಿಯದು, ಅದು ಸುಮಾರು 7.5 ಲಕ್ಷ. ಎಂಟರ ಮೇಲೆ ಏಳು ಬಿದ್ದದ್ದು. ಏಳು ಗರಿಯಿದ್ದು ಹದ್ದಿನ ಎದೆ ಚಪ್ಪಟೆಯಾಗಿ, ಬಾಣದ ಮೇಲಿನ ಗರಿ ಬಾಣಕ್ಕೆ ಸಮಾನಾಂತರವಾಗಿರುವುದು. ಕಡೆಯದಾಗಿ, ಏಳು ಗರಿಯಿದ್ದು ಎದೆ ದುಂಡಗಾಗಿ, ಬಾಣದ ಮೇಲಿನ ಗರಿ ಓರೆಯಾಗಿರುವುದು. ನಾಲ್ಕನೆಯ ಚಿತ್ರವೇ 1879ರಿಂದ ಕಾಯಂ ಆಯಿತು. ಆದರೆ ಹಳೆಯ ಅಚ್ಚುಗಳು ಕಪಾಟಿನಲ್ಲಿ ಉಳಿದಿದ್ದವು. ಹಾಗಾಗಿ 1879ರ ಸ್ಯಾನ್ ಫ್ರಾನ್ಸಿಸ್ಕೋ ಡಾಲರಿನಲ್ಲೂ 1880ರ ಕಾರ್ಸನ್ ಸಿಟಿ ಡಾಲರಿನಲ್ಲೂ ಚಪ್ಪಟೆ ಎದೆಯ ಹದ್ದು ಅಪರೂಪಕ್ಕೆ ಎದುರಾಗುತ್ತದೆ. ಆ ಇಸವಿಯ ನಾಣ್ಯ ಸಿಕ್ಕಾಗ ಮೊದಲು ನೋಡಬೇಕಾದದ್ದು ಬಾಣದ ಗರಿಯನ್ನು.

ಭೇದಗಳು ಹೇಗೆ ಹುಟ್ಟುತ್ತವೆಂಬುದನ್ನು ಅರಿಯಲು ಅಚ್ಚು ಮಾಡುವ ಕ್ರಮ ಗೊತ್ತಿರಬೇಕು. ಕಲಾವಿದ ದೊಡ್ಡದಾಗಿ ಮಾಡಿದ ಮಾದರಿಯನ್ನು ಯಂತ್ರದಿಂದ ನಾಣ್ಯದ ಅಳತೆಗೆ ಇಳಿಸಿ ಉಕ್ಕಿನಲ್ಲಿ ಕೊರೆಯುತ್ತಿದ್ದರು. ಅದರಿಂದ ಮೂಲ ಅಚ್ಚು. ಮೂಲ ಅಚ್ಚಿನಿಂದ ನಾಣ್ಯದಂತೆಯೇ ಚಿತ್ರ ಉಬ್ಬಿರುವ ಉಕ್ಕಿನ ದಿಂಡು, ಇದಕ್ಕೆ ಹಬ್ ಎಂದು ಹೆಸರು. ಹಬ್ಬನ್ನು ಮೆತ್ತಗಿನ ಉಕ್ಕಿಗೆ ಒತ್ತಿದರೆ ಕೆಲಸದ ಅಚ್ಚು ಸಿದ್ಧ. ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ, ಒತ್ತಿದಾಗ ಉಕ್ಕು ಬಿರುಸಾಗುತ್ತಿತ್ತು. ಕುಲುಮೆಯಲ್ಲಿ ಕಾಸಿ, ಆರಿಸಿ, ಮೆದುಗೊಳಿಸಿ ಮತ್ತೆ ಒತ್ತಬೇಕು. ಎರಡನೆಯ ಸಲ ಹಬ್ಬು ಕೂದಲೆಳೆಯಷ್ಟು ಆಚೀಚೆ ಕೂತರೂ ಚಿತ್ರ ಎರಡಾಗುತ್ತದೆ. ಇದೇ ಇಮ್ಮಡಿ ಅಚ್ಚು. ನ್ಯೂ ಆರ್ಲಿಯನ್ಸಿನ 1888ರ ಒಂದು ಅಚ್ಚಿನಲ್ಲಿ ದೇವಿಯ ತುಟಿ, ಮೂಗು, ಗಲ್ಲ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ಸಂಗ್ರಾಹಕರು ಅದನ್ನು ‘ಹಾಟ್ ಲಿಪ್ಸ್’ ಎಂದು ಕರೆಯುತ್ತಾರೆ. 1901ರ ಫಿಲಡೆಲ್ಫಿಯಾ ನಾಣ್ಯದ ಒಂದು ಅಚ್ಚಿನಲ್ಲಿ ಇಡೀ ಹದ್ದೇ ಸರಿದಿದೆ, ಬಾಲದ ಕೆಳಗೆ ಇನ್ನೊಂದು ಬಾಲದ ನೆರಳಿದೆ. 1878ರ ಒಂದು ಅಚ್ಚಿನಲ್ಲಿ ದೇವಿಯ ಮುಡಿಯ ಹತ್ತಿಹೂವುಗಳು ಮೂರು ಪದರವಾಗಿ ಮೂಡಿವೆ. ಬಲು ವಿರಳವಾದ ಅದಕ್ಕೆ ಈ ವರ್ಗದಲ್ಲಿ ರಾಜಮರ್ಯಾದೆ.

ಚಿತ್ರ ಹಬ್ಬಿನಿಂದ ಬಂದರೂ ಇಸವಿ ಹಾಗೆ ಬರುತ್ತಿರಲಿಲ್ಲ. ಅದನ್ನು ಪ್ರತಿ ಕೆಲಸದ ಅಚ್ಚಿಗೂ ಕೈಯಿಂದ ಹೊಡೆಯುತ್ತಿದ್ದರು. ಟಂಕಸಾಲೆಯ ಗುರುತಿನ ಅಕ್ಷರವೂ ಹಾಗೆಯೇ. ಸ್ಯಾನ್ ಫ್ರಾನ್ಸಿಸ್ಕೋಗೆ ‘ಎಸ್’, ನ್ಯೂ ಆರ್ಲಿಯನ್ಸಿಗೆ ‘ಓ’, ಕಾರ್ಸನ್ ಸಿಟಿಗೆ ‘ಸಿಸಿ’, 1921ರಲ್ಲಿ ಡೆನ್ವರಿಗೆ ‘ಡಿ’. ಫಿಲಡೆಲ್ಫಿಯಾಕ್ಕೆ ಗುರುತೇ ಇಲ್ಲ. ಎಲ್ಲ ಊರುಗಳ ಅಚ್ಚುಗಳೂ ಫಿಲಡೆಲ್ಫಿಯಾದಲ್ಲೇ ತಯಾರಾಗಿ ಹೋಗುತ್ತಿದ್ದವು. ಕೈಗೆಲಸವಾದ್ದರಿಂದ ಇಸವಿ ಒಂದರಲ್ಲಿ ದೇವಿಯ ಕುತ್ತಿಗೆಗೆ ಹತ್ತಿರ, ಇನ್ನೊಂದರಲ್ಲಿ ದೂರ. ಗುರುತು ಒಮ್ಮೆ ಎಡಕ್ಕೆ ವಾಲಿದ್ದು, ಒಮ್ಮೆ ಬಲಕ್ಕೆ. ಏಟು ಸರಿಯಾಗಿ ಬೀಳದಿದ್ದರೆ ಎರಡನೆಯ ಏಟು, ಅದರ ಜೊತೆ ಅಂಕಿಯ ಪಕ್ಕದಲ್ಲೊಂದು ತೆಳು ನೆರಳು. ಕೆಲಸಗಾರರ ಹೆಸರುಗಳು ನಾಣ್ಯದ ಮೇಲೆಲ್ಲೂ ಇಲ್ಲ. ಅವರ ಸುತ್ತಿಗೆಯ ಏಟು ಮಾತ್ರ ಹೀಗೆ ದಾಖಲಾಗಿದೆ.

ಉಳಿದ ಅಚ್ಚನ್ನು ಹಾಳುಮಾಡಬಾರದೆಂಬ ಜಿಪುಣತನವೂ ಹಲವು ಭೇದಗಳನ್ನು ಹುಟ್ಟಿಸಿತು. 1879ರ ಅಚ್ಚುಗಳು ಉಳಿದಾಗ ಅವುಗಳ ಮೇಲೆ 1880 ಎಂದು ಹೊಡೆದರು. ಕಾರ್ಸನ್ ಸಿಟಿಯ 1880ರ ನಾಣ್ಯಗಳಲ್ಲಿ ಎಂಟರ ಸುತ್ತಿನೊಳಗೆ ಏಳರ ಅಡ್ಡಗೆರೆ, ಸೊನ್ನೆಯೊಳಗೆ ಒಂಬತ್ತರ ತುಣುಕು ಕಾಣುವುದು ಹೀಗೆ. 1887ರ ಕೆಲವು ಅಚ್ಚುಗಳಲ್ಲಿ ಕೊನೆಯ ಏಳರ ಬುಡದಲ್ಲಿ ಆರರ ಬಾಗು ಇದೆ. ಗುರುತಿನ ಅಕ್ಷರಕ್ಕೂ ಇದೇ ಗತಿ. ಸ್ಯಾನ್ ಫ್ರಾನ್ಸಿಸ್ಕೋಗೆಂದು ‘ಎಸ್’ ಹೊಡೆದಿದ್ದ ಅಚ್ಚುಗಳ ಮೇಲೆ 1882ರಲ್ಲಿ ‘ಓ’ ಹೊಡೆದು ನ್ಯೂ ಆರ್ಲಿಯನ್ಸಿಗೆ ಕಳಿಸಿದರು, ಆ ‘ಓ’ದ ನಡುವೆ ‘ಎಸ್’ನ ಬೆನ್ನು ಅಡ್ಡಲಾಗಿ ಮಲಗಿದೆ. ಕಾರ್ಸನ್ ಸಿಟಿಯಲ್ಲಿ 1893ರಲ್ಲಿ ಟಂಕ ನಿಂತಮೇಲೆ ಉಳಿದ ‘ಸಿಸಿ’ ಅಚ್ಚುಗಳು ಫಿಲಡೆಲ್ಫಿಯಾಕ್ಕೆ ಮರಳಿದವು. ಅವುಗಳ ಮೇಲೂ ‘ಓ’ ಬಿದ್ದು 1900ರ ನ್ಯೂ ಆರ್ಲಿಯನ್ಸ್ ಡಾಲರುಗಳಾದವು. ಮುಚ್ಚಿಹೋದ ಟಂಕಸಾಲೆಯೊಂದರ ಕೊನೆಯ ಅಚ್ಚುಗಳು ಇನ್ನೊಂದರ ಹೆಸರಿನಲ್ಲಿ ದುಡಿದ ಕಥೆ ‘ಓ’ದ ಎರಡು ಪಕ್ಕಗಳಲ್ಲಿ ಉಳಿದ ‘ಸಿ’ಗಳ ಚೂರುಗಳಿಂದ ತಿಳಿಯುತ್ತದೆ.

ಮೂರನೆಯ ಬಗೆಯವು ಅಚ್ಚು ಯಂತ್ರಕ್ಕೆ ಏರಿದ ಮೇಲೆ ಆದ ಗಾಯಗಳು. ಬಿಲ್ಲೆ ಬಾರದೆ ಎರಡು ಅಚ್ಚುಗಳು ನೇರವಾಗಿ ಢಿಕ್ಕಿ ಹೊಡೆದರೆ ಒಂದರ ಚಿತ್ರದ ಗುರುತು ಇನ್ನೊಂದರ ಮೇಲೆ ಕೂರುತ್ತದೆ. ನ್ಯೂ ಆರ್ಲಿಯನ್ಸಿನ 1886, 1889 ಮತ್ತು 1891ರ ಕೆಲವು ಡಾಲರುಗಳ ಹಿಂಬದಿಯಲ್ಲಿ, ಹದ್ದಿನ ಬಾಲದ ಕೆಳಗೆ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ‘ಇ’ ಅಕ್ಷರ ಕಾಣಿಸುತ್ತದೆ. ಅದು ಮುಂಬದಿಯಲ್ಲಿ ದೇವಿಯ ಹಣೆಪಟ್ಟಿಯ ಮೇಲಿರುವ ‘ಲಿಬರ್ಟಿ’ ಪದದಿಂದ ಬಂದ ಅಕ್ಷರ. ಉಪಕರಣ ತಾಗಿ ಅಚ್ಚಿನಲ್ಲಿ ಕಚ್ಚಾದರೆ ನಾಣ್ಯದಲ್ಲಿ ಅದು ಉಬ್ಬುಗೆರೆ. ಕಾರ್ಸನ್ ಸಿಟಿಯ 1890ರ ನಾಣ್ಯದಲ್ಲಿ ಹದ್ದಿನ ಬಾಲದಿಂದ ಕೆಳಗಿನ ಹಾರದವರೆಗೆ ಇಳಿದಿರುವ ದಪ್ಪ ಪಟ್ಟಿ, 1891ರದರಲ್ಲಿ ಕೊಕ್ಕಿನ ಕೆಳಗೆ ಉಗುಳಿದಂತೆ ಕಾಣುವ ತೊಟ್ಟು, ಇವು ಆ ಬಗೆಯವು. ಅಚ್ಚು ಸೀಳಿದರೆ ಬಿರುಕು ನಾಣ್ಯದಿಂದ ನಾಣ್ಯಕ್ಕೆ ಬೆಳೆಯುತ್ತ ಹೋಗುತ್ತದೆ. 1888ರ ನ್ಯೂ ಆರ್ಲಿಯನ್ಸ್ ನಾಣ್ಯವೊಂದರಲ್ಲಿ ಅಂಚಿನಿಂದ ಹೊರಟ ಬಿರುಕು ದೇವಿಯ ಮುಖವನ್ನೇ ದಾಟಿದೆ. ಇದರ ವಿಶೇಷ ಪ್ರಯೋಜನವೊಂದಿದೆ. ಬಿರುಕಿನ ಉದ್ದ ನೋಡಿ ಒಂದೇ ಅಚ್ಚಿನ ನಾಣ್ಯಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಬಹುದು.

ಇಷ್ಟು ನಾಣ್ಯಗಳಲ್ಲಿ ಎಷ್ಟು ಉಳಿದವು ಎಂಬುದು ಬೇರೆಯೇ ಕಥೆ, ಭಾರತಕ್ಕೆ ನೇರವಾಗಿ ತಾಗುವ ಕಥೆ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿ ರೂಪಾಯಿಯ ಅಭಾವ ತಲೆದೋರಿತ್ತು. 1917ರ ಕೊನೆಗೆ ಸರ್ಕಾರ ಒಂದು ರೂಪಾಯಿಯ ಕಾಗದದ ನೋಟನ್ನೇ ತರಬೇಕಾಯಿತು. ಜನ ನೋಟುಗಳನ್ನು ಕೊಟ್ಟು ಬೆಳ್ಳಿ ಕೇಳತೊಡಗಿದರು, ಖಜಾನೆಯಲ್ಲಿ ಬೆಳ್ಳಿ ಕರಗುತ್ತಿತ್ತು. ಬ್ರಿಟನ್ ಅಮೆರಿಕದ ಮೊರೆಹೋಯಿತು. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ತಂದ ಕಾನೂನು 1918ರ ಏಪ್ರಿಲ್ 23ರಂದು ಜಾರಿಗೆ ಬಂತು. ಅದರಂತೆ 27,02,32,722 ಬೆಳ್ಳಿ ಡಾಲರುಗಳನ್ನು ಕರಗಿಸಲಾಯಿತು. ಅವುಗಳಲ್ಲಿ 25,91,21,554 ಡಾಲರುಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಗಿ ಭಾರತದ ರೂಪಾಯಿಗಾಗಿ ಸಾಗಿತು. ಒಟ್ಟು ಟಂಕವಾಗಿದ್ದ ಮೋರ್ಗನ್ ಡಾಲರುಗಳಿಗೆ ಹೋಲಿಸಿದರೆ ಇದು ಸಣ್ಣ ಪಾಲಲ್ಲ. ಆ ಕಾಲದ ರೂಪಾಯಿಯೊಂದು ಹಳೆಯ ಮನೆಯ ದೇವರ ಪೆಟ್ಟಿಗೆಯಲ್ಲೋ ಲಕ್ಷ್ಮೀಪೂಜೆಯ ಕಲಶದ ಪಕ್ಕದಲ್ಲೋ ಇದ್ದರೆ, ಅದರ ಬೆಳ್ಳಿ ಒಂದು ಕಾಲಕ್ಕೆ ಡಾಲರಾಗಿದ್ದಿರಬಹುದು.

ಕರಗಿಸುವಾಗ ಯಾವ ಇಸವಿಯವು ಎಷ್ಟು ಎಂದು ಯಾರೂ ಬರೆದಿಡಲಿಲ್ಲ. ಅದರಿಂದಾಗಿ ಟಂಕಸಾಲೆಯ ಲೆಕ್ಕಕ್ಕೂ ಇಂದು ಸಿಗುವ ನಾಣ್ಯಗಳ ಲೆಕ್ಕಕ್ಕೂ ತಾಳಮೇಳ ಇಲ್ಲದಾಯಿತು. ಯಾವ ಅಚ್ಚುಭೇದ ಎಷ್ಟು ವಿರಳ ಎಂಬುದನ್ನು ಉಳಿದ ನಾಣ್ಯಗಳನ್ನು ಒಂದೊಂದಾಗಿ ನೋಡಿಯೇ ತೀರ್ಮಾನಿಸಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಕರಗಿಸಿದಷ್ಟೂ ಡಾಲರುಗಳನ್ನು ಹೊಸ ಬೆಳ್ಳಿ ಕೊಂಡು ಮತ್ತೆ ಟಂಕಿಸಬೇಕೆಂದು ಅದೇ ಕಾನೂನು ಹೇಳಿತ್ತು. 1921ರಲ್ಲಿ ಮೋರ್ಗನ್ ಹೊಸದಾಗಿ ಹಬ್ಬು ಮಾಡಿದ, ಅದರ ಉಬ್ಬು ಕಡಿಮೆ, ಹದ್ದು ತುಸು ಸಪ್ಪೆ. ಆ ವರ್ಷ ಫಿಲಡೆಲ್ಫಿಯಾ ಒಂದೇ 4 ಕೋಟಿ 46 ಲಕ್ಷಕ್ಕೂ ಮಿಕ್ಕಿ ಡಾಲರುಗಳನ್ನು ಹೊಡೆಯಿತು. ಇವುಗಳಲ್ಲಿ ಅಂಚಿನ ಗೀರುಗಳನ್ನೂ ಎಣಿಸುವವರಿದ್ದಾರೆ. ಸಾಮಾನ್ಯವಾಗಿ 189 ಗೀರು, ಕೆಲವದರಲ್ಲಿ ಮಾತ್ರ 157. ಬಿಲ್ಲೆಯನ್ನು ಹಿಡಿದಿಡುವ ಉಕ್ಕಿನ ಬಳೆ ಬೇರೆಯಾಗಿದ್ದುದೇ ಇದಕ್ಕೆ ಕಾರಣ. 1921ರ ಡಿಸೆಂಬರಿನಿಂದ ಆಂಥೊನಿ ಡಿ ಫ್ರಾನ್ಸಿಶಿ ಕೆತ್ತಿದ ಶಾಂತಿ ಡಾಲರು ಬಂತು, 1935ರವರೆಗೆ ನಡೆಯಿತು. ಅದರಲ್ಲಿ ಇಸವಿ ಹಬ್ಬಿನಲ್ಲೇ ಸೇರಿತ್ತು. ಕೈಯಿಂದ ಹೊಡೆಯುವ ಕೆಲಸ ಟಂಕಸಾಲೆಯ ಗುರುತಿಗಷ್ಟೇ ಉಳಿದದ್ದರಿಂದ ಇಸವಿಯ ಭೇದಗಳು ಅಲ್ಲಿ ಸಿಗುವುದಿಲ್ಲ.

ಕರಗದೆ ಉಳಿದ ಡಾಲರುಗಳು ಸಾವಿರದ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆಗಳಲ್ಲಿ ದಶಕಗಟ್ಟಲೆ ಮಲಗಿದ್ದವು. 1962ರ ಕೊನೆಯಲ್ಲಿ ಆ ಚೀಲಗಳಿಂದ 1903ರ ನ್ಯೂ ಆರ್ಲಿಯನ್ಸ್ ಡಾಲರುಗಳು ಹೊರಬಂದವು. ಅದುವರೆಗೆ ಅತಿ ವಿರಳವೆಂದು ನಂಬಿದ್ದ ಆ ನಾಣ್ಯದ ಬೆಲೆ ಕುಸಿಯಿತು. ಸುದ್ದಿ ತಿಳಿದ ಜನ ಖಜಾನೆಯ ಮುಂದೆ ಸಾಲುನಿಂತರು. 1964ರ ಮಾರ್ಚಿನಲ್ಲಿ ಸರ್ಕಾರ ವಿತರಣೆ ನಿಲ್ಲಿಸುವ ಹೊತ್ತಿಗೆ ಕೋಟಿಗಟ್ಟಲೆ ಡಾಲರುಗಳು ಮನೆಮನೆ ಸೇರಿದ್ದವು. ಉಳಿದವುಗಳಲ್ಲಿ ಸುಮಾರು 28 ಲಕ್ಷ ಕಾರ್ಸನ್ ಸಿಟಿಯವು. 1972ರಿಂದ 1980ರವರೆಗೆ ಸರ್ಕಾರವೇ ಅವನ್ನು ಮಾರಿತು.

ಲೆರಾಯ್ ವ್ಯಾನ್ ಆಲೆನ್ ಮತ್ತು ಜಾರ್ಜ್ ಮ್ಯಾಲಿಸ್ ಅವರ ಕೆಲಸ ಇದೇ ಹೊತ್ತಿಗೆ ಆರಂಭವಾದದ್ದು ಕಾಕತಾಳೀಯವಲ್ಲ. ಸಾವಿರಾರು ಹೊಸ ನಾಣ್ಯಗಳನ್ನು ಒಟ್ಟಿಗೆ ಮೇಜಿನ ಮೇಲೆ ಸುರಿದುಕೊಂಡು ಹೋಲಿಸುವ ಅವಕಾಶ ಹಿಂದಿನವರಿಗೆ ಇರಲಿಲ್ಲ. 1960ರ ದಶಕದಲ್ಲಿ ಇಬ್ಬರೂ ಬೇರೆಬೇರೆಯಾಗಿ ಪಟ್ಟಿ ಮಾಡಿದರು, ಆಮೇಲೆ ಒಂದಾಗಿ 1976ರಲ್ಲಿ ದೊಡ್ಡ ಸೂಚಿಯನ್ನೇ ತಂದರು. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ ‘ವ್ಯಾಮ್’ ಎಂಬ ಪದ ಹುಟ್ಟಿತು. ಪ್ರತಿ ಇಸವಿ, ಪ್ರತಿ ಟಂಕಸಾಲೆಗೆ ಒಂದರಿಂದ ಸಂಖ್ಯೆ ಶುರು. ಹೊಸ ಭೇದ ಪತ್ತೆಯಾದಂತೆ ಮುಂದಿನ ಸಂಖ್ಯೆ. ಅದೇ ಅಚ್ಚಿಗೆ ಆಮೇಲೆ ಬಿರುಕು, ಢಿಕ್ಕಿ, ಕಚ್ಚು ಆದರೆ ಸಂಖ್ಯೆಯ ಮುಂದೆ ಅಕ್ಷರ. 1888ರ ಬಿರುಕುಮುಖದ ನಾಣ್ಯ ‘ವ್ಯಾಮ್ 1ಬಿ’ ಆದದ್ದು ಹೀಗೆ. ಅಚ್ಚು ಹುಟ್ಟುವಾಗ ಬಂದದ್ದನ್ನೂ ದುಡಿಯುವಾಗ ಆದದ್ದನ್ನೂ ಬೇರೆ ಮಾಡಿದ ಈ ಕ್ರಮವೇ ಅವರ ದೊಡ್ಡ ಕೊಡುಗೆ.

ಗುರುತಿಸುವ ಕೆಲಸಕ್ಕೆ ಬೇಕಾದದ್ದು ಹತ್ತರಷ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಪಕ್ಕದಿಂದ ಬೀಳುವ ದೀಪ, ಬಹಳಷ್ಟು ತಾಳ್ಮೆ. ಮೊದಲು ಇಸವಿ, ಟಂಕಸಾಲೆ. ನಂತರ ಹಿಂಬದಿಯ ಚಿತ್ರ ಯಾವ ಬಗೆಯದು ಎಂಬುದು. ಆಮೇಲೆ ಗುರುತಿನ ಅಕ್ಷರದ ಗಾತ್ರ, ವಾಲು, ಸ್ಥಾನ. ಇಸವಿಯ ಮೊದಲ ‘1’ ನಾಣ್ಯದಂಚಿನ ಯಾವ ಹಲ್ಲಿನ ಮೇಲೆ ನಿಂತಿದೆ ಎಂಬುದು. ಕೊನೆಗೆ ನೆರಳು, ಬಿರುಕು, ಕಚ್ಚು. ಹೊಸಬರು ಎಡವುವುದು ಇಮ್ಮಡಿಯ ವಿಷಯದಲ್ಲಿ. ಏಟು ಬಿದ್ದ ಕ್ಷಣದಲ್ಲಿ ಅಚ್ಚು ಅಲುಗಿದರೂ ಅಕ್ಷರ ಎರಡಾದಂತೆ ಕಾಣುತ್ತದೆ. ಆದರೆ ಅದು ಅಕ್ಷರದ ಪಕ್ಕದಲ್ಲಿ ಮೆಟ್ಟಿಲಿನಂತೆ ಚಪ್ಪಟೆಯಾಗಿರುತ್ತದೆ, ಆ ಒಂದು ನಾಣ್ಯಕ್ಕೆ ಸೀಮಿತ. ನಿಜವಾದ ಇಮ್ಮಡಿ ಅಚ್ಚಿನಲ್ಲಿ ಎರಡನೆಯ ಚಿತ್ರವೂ ದುಂಡಗಿರುತ್ತದೆ, ಅಕ್ಷರದ ಮೂಲೆಯಲ್ಲಿ ಸೀಳುನಾಲಗೆಯಂತೆ ಕವಲೊಡೆದಿರುತ್ತದೆ, ಆ ಅಚ್ಚಿನ ಎಲ್ಲ ನಾಣ್ಯಗಳಲ್ಲೂ ಇರುತ್ತದೆ. ಇನ್ನೊಂದು ಸರಳ ಪರೀಕ್ಷೆಯಿದೆ. ಅಚ್ಚಿನ ಗೀರು ನಾಣ್ಯದಲ್ಲಿ ಉಬ್ಬಿರುತ್ತದೆ, ಆಮೇಲೆ ಯಾರದೋ ಕೈಯಲ್ಲಿ ಆದ ಗೀರು ತಗ್ಗಾಗಿರುತ್ತದೆ. ಉಬ್ಬಿದ್ದು ಚರಿತ್ರೆ, ತಗ್ಗು ಬರೀ ಪೆಟ್ಟು.

ಈ ವಿದ್ಯೆ ಕಳ್ಳನಾಣ್ಯ ಹಿಡಿಯಲು ಎಷ್ಟು ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಸಣ್ಣ ‘ಓ’ದ ಪ್ರಕರಣ ಒಳ್ಳೆಯ ನಿದರ್ಶನ. 1899ರ ನ್ಯೂ ಆರ್ಲಿಯನ್ಸ್ ಡಾಲರುಗಳಲ್ಲಿ ಕೆಲವಕ್ಕೆ ಕಾಲು ಡಾಲರಿಗಾಗಿ ಮಾಡಿದ್ದ ಸಣ್ಣ ‘ಓ’ ಬಿದ್ದಿದೆ, ಅವು ಅಸಲಿ. ಅದೇ ಬಗೆಯ ಸಣ್ಣ ‘ಓ’ ಇರುವ 1896, 1900 ಮತ್ತು 1902ರ ನಾಣ್ಯಗಳನ್ನೂ ಸಂಗ್ರಾಹಕರು ಬೆಲೆಕೊಟ್ಟು ಕೊಳ್ಳುತ್ತಿದ್ದರು. ಅಚ್ಚುಗಳನ್ನು ಹೋಲಿಸಿದಾಗ ಮೂರೂ ಇಸವಿಗಳ ನಾಣ್ಯಗಳ ಹಿಂಬದಿಯಲ್ಲಿ ಒಂದೇ ಅಚ್ಚಿನ ದೋಷಗಳು ಕಂಡವು. ಕೋಟಿಗಟ್ಟಲೆ ನಾಣ್ಯ ಹೊಡೆಯುವ ಟಂಕಸಾಲೆಯಲ್ಲಿ ಒಂದೇ ಅಚ್ಚು ಆರು ವರ್ಷ ಬಾಳುವುದು ಅಸಾಧ್ಯ. 2005ರಲ್ಲಿ ಅವನ್ನು ಖೋಟಾ ಎಂದು ಘೋಷಿಸಲಾಯಿತು. ಖೋಟಾ ಮಾಡಿದವರು ಬಳಸಿದ್ದು ಒಳ್ಳೆಯ ಬೆಳ್ಳಿಯನ್ನೇ. ಅವು ತಯಾರಾದ ಕಾಲಕ್ಕೆ ಡಾಲರಿನಲ್ಲಿದ್ದ ಬೆಳ್ಳಿಯ ಬೆಲೆ ಅದರ ಮುಖಬೆಲೆಯ ಅರ್ಧದ ಆಸುಪಾಸಿನಲ್ಲಿದ್ದುದರಿಂದ ಬೆಳ್ಳಿಯಲ್ಲೇ ಮಾಡಿದರೂ ಲಾಭ ಉಳಿಯುತ್ತಿತ್ತು. ತೂಕವೂ ಲೋಹವೂ ಹಿಡಿಯಲಾರದ ಮೋಸವನ್ನು ಅಚ್ಚು ಹಿಡಿಯಿತು.

1893ರ ಸ್ಯಾನ್ ಫ್ರಾನ್ಸಿಸ್ಕೋ ಡಾಲರಿನ ಪರೀಕ್ಷೆಯೂ ಹೀಗೆಯೇ. ಟಂಕವಾದದ್ದು 1,00,000 ಮಾತ್ರ, ಇಡೀ ಸರಣಿಯಲ್ಲಿ ಅದಕ್ಕಿಂತ ಬೇಡಿಕೆಯ ನಾಣ್ಯವಿಲ್ಲ. ಫಿಲಡೆಲ್ಫಿಯಾದ 1893ರ ನಾಣ್ಯಕ್ಕೆ ‘ಎಸ್’ ಅಂಟಿಸಿ ಮಾರುವವರು ಹಿಂದಿನಿಂದಲೂ ಇದ್ದಾರೆ. ಆದರೆ ಅಸಲಿ ನಾಣ್ಯಗಳೆಲ್ಲ ಮುಂಬದಿಯ ಒಂದೇ ಅಚ್ಚಿನಿಂದ ಬಂದವು, ಆ ಅಚ್ಚಿನಲ್ಲಿ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯಲ್ಲಿ ಓರೆಯಾದ ಒಂದು ಗೀರಿತ್ತು. ನಾಣ್ಯದಲ್ಲಿ ಅದು ಕೂದಲಿನಷ್ಟು ತೆಳುವಾದ ಉಬ್ಬುಗೆರೆ. ಅದಿಲ್ಲದಿದ್ದರೆ ‘ಎಸ್’ ಎಷ್ಟೇ ಚೆನ್ನಾಗಿ ಕೂತಿದ್ದರೂ ನಂಬುವಂತಿಲ್ಲ.

ಇಂಥ ಗೆರೆಗಳು ಉಳಿಯುವುದು ನಾಣ್ಯವನ್ನು ಮುಟ್ಟದೆ ಬಿಟ್ಟಾಗ. ಬೆಳ್ಳಿಯ ಸಾಮಾನು ಕಪ್ಪಾದರೆ ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ಉಜ್ಜಿ ಬೆಳಗುವುದು ಮನೆಗಳಲ್ಲಿ ರೂಢಿ. ದೀಪಕ್ಕೆ, ಚೊಂಬಿಗೆ ಅದು ಸರಿ. ಹಳೆಯ ನಾಣ್ಯ ಡಾಲರಾಗಿರಲಿ, ರೂಪಾಯಿಯಾಗಿರಲಿ, ಅದನ್ನು ಉಜ್ಜಬಾರದು. ಕಪ್ಪಿನ ಜೊತೆಗೆ ಅಚ್ಚಿನ ಗೆರೆಯೂ ಹೋಗುತ್ತದೆ, ಒಮ್ಮೆ ಹೋದದ್ದನ್ನು ಯಾವ ಭೂತಗನ್ನಡಿಯೂ ಮರಳಿ ತೋರಿಸದು.